ಎಂಎಸ್‌ಡಬ್ಲ್ಯೂ ಕೋರ್ಸಿನ ಗುಣಮಟ್ಟ ನೋಡೋರು ಯಾರು?

ಬಿ.ಎಡ್ ಕಾಲೇಜು ತೆರೆಯಬೇಕೆಂದರೆ ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇ ಒಪ್ಪಬೇಕು. ನರ್ಸಿಂಗ್‌ಗೆ ನರ್ಸಿಂಗ್ ಕೌನ್ಸಿಲ್, ಫಾರ್ಮಸಿಗೆ ಫಾರ್ಮಸಿ ಕೌನ್ಸಿಲ್, ಕಾನೂನಿಗೆ ಬಾರ್ ಕೌನ್ಸಿಲ್. ಎಂಜಿನಿಯರಿಂಗ್ ವಿಭಾಗಗಳಂತೂ ಎನ್‌ಬಿಎ ಮಾನ್ಯತೆ ಸಿಕ್ಕಿದ ದಿನ ಗೇಟಿಗೇ ಬ್ಯಾನರ್ ಕಟ್ಟುತ್ತವೆ. ಎಂಎಸ್‌ಡಬ್ಲ್ಯೂಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ? ಯಾರೂ ಇಲ್ಲ. ವಿಶ್ವವಿದ್ಯಾಲಯದ ಸಂಯೋಜನೆ ಇದ್ದು, ಅಧ್ಯಯನ ಮಂಡಳಿ ಒಪ್ಪಿದ ಸಿಲಬಸ್ ಇದ್ದರೆ ಆಯಿತು, ಕೋರ್ಸು ಶುರು. ಇದು ನಿಜವಾಗಿ ಸಮಾಜಕಾರ್ಯ ಕಲಿಸುತ್ತಿದೆಯಾ, ಇಲ್ಲಿ ಓದಿದವರನ್ನು ಒಂದು ಮಗುವಿನ ಕೇಸು ನಂಬಿ ಒಪ್ಪಿಸಬಹುದಾ ಅಂತ ಹೊರಗಿನಿಂದ ಬಂದು ನೋಡುವ ವ್ಯವಸ್ಥೆ ನಮ್ಮ ದೇಶದಲ್ಲಿ ಇಲ್ಲ.

"ನ್ಯಾಕ್ ಇದೆಯಲ್ಲ" ಅಂತ ತಕ್ಷಣ ಉತ್ತರ ಬರುತ್ತದೆ. ಇದೆ, ನಿಜ. ಕಾಲೇಜು, ವಿಶ್ವವಿದ್ಯಾಲಯಗಳಿಗೆ ಮಾನ್ಯತೆ ಕೊಡಲು 1994ರಲ್ಲಿ ಶುರುವಾದ ಸಂಸ್ಥೆ, ಮುಖ್ಯ ಕಚೇರಿ ನಮ್ಮ ಬೆಂಗಳೂರಿನ ನಾಗರಭಾವಿಯಲ್ಲೇ. ಆದರೆ ನ್ಯಾಕ್ ನೋಡುವುದು ಇಡೀ ಕಾಲೇಜನ್ನು, ಇಡೀ ವಿಶ್ವವಿದ್ಯಾಲಯವನ್ನು. ಪಠ್ಯಕ್ರಮ, ಬೋಧನೆ, ಸಂಶೋಧನೆ, ಕಟ್ಟಡ, ಆಡಳಿತ ಹೀಗೆ ಏಳು ಮಾನದಂಡ. ಭೌತಶಾಸ್ತ್ರ, ಕಾಮರ್ಸ್, ಕನ್ನಡ, ಸಮಾಜಕಾರ್ಯ ಎಲ್ಲವೂ ಒಂದೇ ತಕ್ಕಡಿಯಲ್ಲಿ. ಹಾಗಾಗಿ ಎ ಪ್ಲಸ್ ಗ್ರೇಡ್ ಇರುವ ಕಾಲೇಜಿನ ಎಂಎಸ್‌ಡಬ್ಲ್ಯೂ ವಿಭಾಗವನ್ನು ಇಬ್ಬರು ಅತಿಥಿ ಉಪನ್ಯಾಸಕರೇ ಎಳೆದುಕೊಂಡು ಹೋಗುತ್ತಿರಬಹುದು. ಗ್ರೇಡ್ ನೋಡಿ ಸೇರುವ ಹುಡುಗ ಹುಡುಗಿಯರಿಗೆ ಅದು ಗೊತ್ತಾಗುವುದು ಫೀಸು ಕಟ್ಟಿದ ಮೇಲೆ.

ಈಗ ನ್ಯಾಕ್ ತನ್ನ ಪದ್ಧತಿಯನ್ನೇ ಬದಲಿಸಲು ಹೊರಟಿದೆ. ಗ್ರೇಡ್ ಕೈಬಿಟ್ಟು "ಮಾನ್ಯತೆ ಇದೆ" ಅಥವಾ "ಇಲ್ಲ" ಅಂತ ಎರಡೇ ಉತ್ತರ, ಅದರ ಮೇಲೆ ಬೇಕಾದವರಿಗೆ 1ರಿಂದ 5ರವರೆಗೆ ಹಂತ ಅಂತ 2024ರ ಜನವರಿಯಲ್ಲಿ ಘೋಷಿಸಿತು. ಒಂದು ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, ಆಂಧ್ರದ ಒಂದು ಸಂಸ್ಥೆಗೆ ಎ ಡಬಲ್ ಪ್ಲಸ್ ಕೊಡಲು ಲಂಚ ಪಡೆದ ಆರೋಪದ ಮೇಲೆ ಪರಿಶೀಲನಾ ಸಮಿತಿಯವರನ್ನೇ ಸಿಬಿಐ ಬಂಧಿಸಿತು. ಗ್ರೇಡಿನ ಮೇಲೆ ಜನ ಇಟ್ಟಿದ್ದ ನಂಬಿಕೆಗೆ ಇದು ಬಲವಾದ ಪೆಟ್ಟು. ಆದರೆ ನಾನು ಹೇಳಲು ಹೊರಟಿದ್ದು ಬೇರೆ. ನ್ಯಾಕ್ ನೂರಕ್ಕೆ ನೂರು ಪ್ರಾಮಾಣಿಕವಾಗಿ ಕೆಲಸ ಮಾಡಿದರೂ ಎಂಎಸ್‌ಡಬ್ಲ್ಯೂ ಕೋರ್ಸಿನ ಮುಖ್ಯ ಭಾಗ ಅದರ ಕಣ್ಣಿಗೆ ಬೀಳುವುದಿಲ್ಲ. ಯಾಕಂದ್ರೆ ಆ ಭಾಗ ಕಾಲೇಜಿನೊಳಗೆ ನಡೆಯುವುದೇ ಇಲ್ಲ.

ಅದು ಫೀಲ್ಡ್‌ವರ್ಕ್.

ಎಂಎಸ್‌ಡಬ್ಲ್ಯೂ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಓರಿಯೆಂಟೇಶನ್ ವಿಸಿಟ್, ಆಮೇಲೆ ವಾರಕ್ಕೆ ಎರಡು ದಿನ ಏಜೆನ್ಸಿಗೆ ಹೋಗುವುದು, ನಡುವೆ ಹಳ್ಳಿಯಲ್ಲಿ ಶಿಬಿರ, ಕೊನೆಗೆ ಒಂದು ತಿಂಗಳಷ್ಟು ಬ್ಲಾಕ್ ಪ್ಲೇಸ್‌ಮೆಂಟ್, ಅಂದರೆ ಒಂದೇ ಕಡೆ ಪೂರ್ತಿ ಹೊತ್ತು ಕೆಲಸ. ಏಜೆನ್ಸಿ ಅಂದರೆ ಆಸ್ಪತ್ರೆ ಇರಬಹುದು, ಎನ್‌ಜಿಒ ಇರಬಹುದು, ಬಾಲಮಂದಿರ, ಕಾರ್ಖಾನೆ, ಪಂಚಾಯಿತಿ ಇರಬಹುದು. ಹೋಗಿ ಬಂದಿದ್ದನ್ನು ರಿಪೋರ್ಟ್ ಬರೆಯಬೇಕು. ಆ ರಿಪೋರ್ಟ್ ಹಿಡಿದುಕೊಂಡು ಕಾಲೇಜಿನ ಸೂಪರ್‌ವೈಸರ್ ಜೊತೆ ಕೂರಬೇಕು. ಅದಕ್ಕೆ ಐಸಿ ಅಂತಾರೆ, ಇಂಡಿವಿಜುವಲ್ ಕಾನ್ಫರೆನ್ಸ್.

ಈ ಐಸಿಯಲ್ಲಿ ಏನಾಗಬೇಕು ಅನ್ನುವುದಕ್ಕೆ ಒಂದು ಉದಾಹರಣೆ. ವಿದ್ಯಾರ್ಥಿನಿಯೊಬ್ಬಳು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿಯ ಮನೆಗೆ ಹೋಗಿ ಬಂದಿದ್ದಾಳೆ ಅಂದುಕೊಳ್ಳಿ. ರಿಪೋರ್ಟಿನಲ್ಲಿ ಬರೆದಿದ್ದಾಳೆ: "ಮನೆ ಭೇಟಿ ಮಾಡಲಾಯಿತು. ಪೋಷಕರಿಗೆ ಶಿಕ್ಷಣದ ಮಹತ್ವವನ್ನು ತಿಳಿಸಲಾಯಿತು." ಕರ್ನಾಟಕದಲ್ಲಿ ಈ ಎರಡು ಸಾಲು ಇಲ್ಲದ ಫೀಲ್ಡ್‌ವರ್ಕ್ ಫೈಲ್ ಸಿಗುವುದು ಕಷ್ಟ. ಸಹಿ ಹಾಕಿ ಕಳಿಸಬಹುದು. ಅಥವಾ ಹೀಗೂ ಆಗಬಹುದು:

"ಅವರಮ್ಮ ಏನಂದ್ರು?"

"ಏನೂ ಹೇಳಲಿಲ್ಲ ಮೇಡಂ. ಆಯ್ತು ಕಳಿಸ್ತೀವಿ ಅಂದ್ರು."

"ನೀನು ಹೋದಾಗ ಹುಡುಗಿ ಎಲ್ಲಿದ್ದಳು?"

"ಅಲ್ಲೇ ಇದ್ಲು, ತಮ್ಮನ್ನ ಎತ್ಕೊಂಡಿದ್ಲು."

"ಹಾಗಾದ್ರೆ ಅವಳು ಶಾಲೆಗೆ ಹೋದ್ರೆ ಆ ಮಗು ನೋಡ್ಕೊಳ್ಳೋರು ಯಾರು ಅಂತ ಕೇಳಿದ್ಯೇನಮ್ಮ?"

ಕೇಳಿರುವುದಿಲ್ಲ. ಮುಂದಿನ ವಾರ ಹೋದಾಗ ಕೇಳುತ್ತಾಳೆ. ಆಮೇಲೆ ಆ ಊರಿನ ಅಂಗನವಾಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಪಂಚಾಯಿತಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೂಸಿನ ಮನೆ ಇದೆಯಾ, ತಾಯಿ ಕೂಲಿಗೆ ಎಷ್ಟು ಗಂಟೆಗೆ ಹೊರಡುತ್ತಾಳೆ ಅಂತ ತಿಳಿದುಕೊಳ್ಳುತ್ತಾಳೆ. ಕೇಸ್‌ವರ್ಕ್, ಅಂದರೆ ಒಬ್ಬ ವ್ಯಕ್ತಿಯ ಜೊತೆ ನಿಂತು ಅವರ ಸಮಸ್ಯೆ ಬಿಡಿಸುವ ಕೆಲಸ, ಶುರುವಾಗುವುದು ಅಲ್ಲಿಂದ. ಪುಸ್ತಕದಲ್ಲಿ ನೂರು ಪುಟ ಓದಿದರೂ ಬರದಿದ್ದು ಇಂಥ ಹತ್ತು ನಿಮಿಷದ ಮಾತಿನಲ್ಲಿ ಬರುತ್ತದೆ. ಹಾಗಾಗಿ ಕೋರ್ಸಿನ ಗುಣಮಟ್ಟ ಅಳೆಯಬೇಕೆಂದರೆ ಈ ಹತ್ತು ನಿಮಿಷ ನಿಜವಾಗಿ ನಡೆಯುತ್ತಿದೆಯಾ ಅಂತಲೇ ನೋಡಬೇಕು.

ಅದಕ್ಕೆ ಸಮಯ ಎಲ್ಲಿದೆ ಅನ್ನುವುದು ಮುಂದಿನ ಪ್ರಶ್ನೆ. ಲೆಕ್ಕ ಹಾಕೋಣ. ಹಳೆಯ ರೂಢಿಯಂತೆ ವಾರಕ್ಕೆ ಎರಡು ದಿನ, 15 ಗಂಟೆ. ಸೆಮಿಸ್ಟರ್‌ಗೆ 14 ವಾರ ಪಾಠ ಅಂದರೂ ನಾಲ್ಕು ಸೆಮಿಸ್ಟರ್‌ಗೆ 840 ಗಂಟೆ ಆಯಿತು. ಬ್ಲಾಕ್ ಪ್ಲೇಸ್‌ಮೆಂಟ್ ಸೇರಿಸಿದರೆ ಸಾವಿರ ಮುಟ್ಟುತ್ತದೆ. ಅಮೆರಿಕದಲ್ಲಿ ಎಂಎಸ್‌ಡಬ್ಲ್ಯೂಗೆ ಕನಿಷ್ಠ 900 ಗಂಟೆ ಅಂತ ನಿಯಮ. ಕಾಗದದ ಮೇಲೆ ನಾವೇನೂ ಕಡಿಮೆ ಇಲ್ಲ, ಅಲ್ವಾ? ಈಗ ಇದನ್ನೇ ಕ್ರೆಡಿಟ್ ಲೆಕ್ಕಕ್ಕೆ ತನ್ನಿ. ಪ್ರಾಕ್ಟಿಕಲ್‌ನ ಒಂದು ಕ್ರೆಡಿಟ್‌ಗೆ ವಾರಕ್ಕೆ 2 ಗಂಟೆ ಅನ್ನುವುದು ವಾಡಿಕೆ. ಸಿಲಬಸ್ ಮಾಡುವವರು ಫೀಲ್ಡ್‌ವರ್ಕ್‌ಗೂ ಉಳಿದ ಪೇಪರ್‌ಗಳ ಹಾಗೆ 4 ಕ್ರೆಡಿಟ್ ಕೊಟ್ಟು ಕೈತೊಳೆದುಕೊಂಡರೆ ವಾರಕ್ಕೆ 8 ಗಂಟೆ ಆಯಿತು. ಅಂದರೆ ಒಂದೇ ದಿನ. ನಾಲ್ಕು ಸೆಮಿಸ್ಟರ್ ಸೇರಿದರೂ 448 ಗಂಟೆ. ಯಾರೂ ಫೀಲ್ಡ್‌ವರ್ಕ್ ಕಡಿಮೆ ಮಾಡಿ ಅಂತ ಆದೇಶ ಹೊರಡಿಸಬೇಕಿಲ್ಲ, ಟೇಬಲ್‌ನ ಒಂದು ಕಾಲಮ್ ತುಂಬುವಾಗ ತಾನಾಗಿ ಅರ್ಧ ಆಗಿಬಿಡುತ್ತದೆ.

ಇನ್ನು ಮೇಷ್ಟ್ರ ಕಡೆಯಿಂದ ನೋಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ. ಐಸಿ, ಏಜೆನ್ಸಿ ಭೇಟಿ, ರಿಪೋರ್ಟ್ ತಿದ್ದುವುದು ಇವೆಲ್ಲ ವರ್ಕ್‌ಲೋಡ್‌ನಲ್ಲಿ ಬರುತ್ತವಾ ಅನ್ನುವುದು ಎಷ್ಟೋ ಕಡೆ ಪ್ರತಿ ವರ್ಷದ ಜಗಳ. ಗಂಟೆ ಲೆಕ್ಕದಲ್ಲಿ ಸಂಬಳ ಎಣಿಸುವ ಅತಿಥಿ ಉಪನ್ಯಾಸಕರಿಗೆ ಹೇಳುವುದೇ ಬೇಡ. ಒಬ್ಬರ ಕೈಯಲ್ಲಿ ಇಪ್ಪತ್ತೈದು ವಿದ್ಯಾರ್ಥಿಗಳಿದ್ದರೆ ಹತ್ತು ನಿಮಿಷದಂತೆ ಕೂತರೂ ವಾರಕ್ಕೆ ನಾಲ್ಕು ಗಂಟೆ ಮೀರುತ್ತದೆ. ಆಗ ಆಗುವುದು ಒಂದೇ: ಶನಿವಾರ ಫೈಲ್‌ಗಳ ರಾಶಿ ಬರುತ್ತದೆ, ಸಹಿ ಬೀಳುತ್ತದೆ, ಹೋಗುತ್ತದೆ.

ಏಜೆನ್ಸಿಯ ಕಡೆಯೂ ಅಷ್ಟೇ. ವಿದ್ಯಾರ್ಥಿಗಳನ್ನು ನೋಡಿಕೊಳ್ಳಲು ಅವರಿಗೆ ಯಾರೂ ದುಡ್ಡು ಕೊಡುವುದಿಲ್ಲ, ಪುರುಸೊತ್ತೂ ಇರುವುದಿಲ್ಲ. ಆಸ್ಪತ್ರೆಯಲ್ಲಾದರೆ ಒಪಿಡಿ ಕ್ಯೂ ನೋಡಿಕೊಳ್ಳಿ ಅಂತಾರೆ, ಎನ್‌ಜಿಒದಲ್ಲಾದರೆ ಎಕ್ಸೆಲ್ ತುಂಬಿಸಿ ಅಂತಾರೆ. ಕೊನೆಗೆ ಸೀಲು ಹಾಕಿದ ಹಾಜರಾತಿ ಪತ್ರ. ಆ ಪತ್ರದಲ್ಲಿ ಗಂಟೆ ಇರುತ್ತದೆ, ಕಲಿತಿದ್ದು ಇರುವುದಿಲ್ಲ.

ಮಾನ್ಯತೆ ಕೊಡುವ ಸಂಸ್ಥೆ ಅಂತ ಒಂದಿದ್ದರೆ ಏನು ಕೇಳುತ್ತದೆ ಅಂತ ತಿಳಿಯಲು ಅಮೆರಿಕದ ಸಿಎಸ್‌ಡಬ್ಲ್ಯೂಇ ನೋಡುವುದು ಒಳ್ಳೆಯದು. ಕೌನ್ಸಿಲ್ ಆನ್ ಸೋಶಿಯಲ್ ವರ್ಕ್ ಎಜುಕೇಶನ್ ಅಂತ ಅದರ ಹೆಸರು, 1952ರದ್ದು. ಅದು ಕಾಲೇಜನ್ನು ನೋಡುವುದಿಲ್ಲ, ಕೋರ್ಸನ್ನು ನೋಡುತ್ತದೆ. ಸಮಾಜಕಾರ್ಯದ ಮೊದಲ ಪದವಿ ಬಿಎಸ್‌ಡಬ್ಲ್ಯೂ ಬೇರೆ, ಎಂಎಸ್‌ಡಬ್ಲ್ಯೂ ಬೇರೆ. 2022ರ ಮಾನದಂಡಗಳ ಪ್ರಕಾರ ವಿದ್ಯಾರ್ಥಿಗೆ ಒಂಬತ್ತು ಸಾಮರ್ಥ್ಯಗಳು ಬಂದಿರಬೇಕು. ಬಂದಿವೆ ಅಂತ ಬರೀ ಪರೀಕ್ಷೆ ಬರೆಸಿ ತೋರಿಸಿದರೆ ಸಾಲದು, ಕೆಲಸ ಮಾಡುವುದನ್ನು ನೋಡಿಯೂ ಅಳೆದಿರಬೇಕು. ಫಲಿತಾಂಶವನ್ನು ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು.

ನನಗೆ ಮುಖ್ಯ ಅನ್ನಿಸುವುದು ಈ ಒಂಬತ್ತು ಸಾಮರ್ಥ್ಯಗಳ ಪಟ್ಟಿ ಅಲ್ಲ. ಪಟ್ಟಿ ಯಾರು ಬೇಕಾದರೂ ಮಾಡಬಹುದು, ನಮ್ಮಲ್ಲೂ ಪ್ರತಿ ಸಿಲಬಸ್‌ನ ಮೊದಲ ಪುಟದಲ್ಲಿ ಕೋರ್ಸ್ ಔಟ್‌ಕಮ್ ಅಂತ ಇದ್ದೇ ಇದೆ. ಮುಖ್ಯವಾದದ್ದು ಸಣ್ಣ ಸಣ್ಣ ನಿಯಮಗಳು. ಎಂಎಸ್‌ಡಬ್ಲ್ಯೂನಲ್ಲಿ 12 ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕ ಇರಬೇಕು, ಬಿಎಸ್‌ಡಬ್ಲ್ಯೂನಲ್ಲಿ 25ಕ್ಕೆ ಒಬ್ಬ. ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗೆ ಫೀಲ್ಡಿನಲ್ಲಿ ಕಲಿಸುವವರು ಸ್ವತಃ ಎಂಎಸ್‌ಡಬ್ಲ್ಯೂ ಮಾಡಿ, ಆಮೇಲೆ ಎರಡು ವರ್ಷ ಕೆಲಸ ಮಾಡಿರಬೇಕು. ಅಂಥವರು ಆ ಏಜೆನ್ಸಿಯಲ್ಲಿ ಇಲ್ಲದಿದ್ದರೆ ಆ ಕೊರತೆ ತುಂಬುವ ಹೊಣೆ ಕಾಲೇಜಿನದು. ಫೀಲ್ಡ್‌ವರ್ಕ್ ನಡೆಸುವ ಮುಖ್ಯಸ್ಥರಿಗೆ ಅವರ ಕೆಲಸದ ಹೊತ್ತಿನಲ್ಲಿ ಅರ್ಧವನ್ನಾದರೂ ಅದಕ್ಕೇ ಮೀಸಲಿಡಬೇಕು. ಅಂದರೆ ನಮ್ಮಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸರ್" ಅಂತ ಮುಗಿಸುವ ವಿಷಯಗಳನ್ನೇ ಅವರು ನಿಯಮ ಮಾಡಿ ಬರೆದಿಟ್ಟಿದ್ದಾರೆ. ನಿಯಮಕ್ಕೆ ಹಲ್ಲು ಬರುವುದು ಲೈಸೆನ್ಸ್‌ನಿಂದ: ಸಾಮಾನ್ಯವಾಗಿ ಅಲ್ಲಿನ ರಾಜ್ಯಗಳು ಸಮಾಜಕಾರ್ಯದ ಲೈಸೆನ್ಸ್ ಕೊಡುವುದು ಸಿಎಸ್‌ಡಬ್ಲ್ಯೂಇ ಮಾನ್ಯತೆಯ ಪದವಿ ಇದ್ದರೆ. ಮಾನ್ಯತೆ ಹೋದರೆ ಕೋರ್ಸಿಗೆ ಯಾರೂ ಸೇರುವುದಿಲ್ಲ.

ಹಾಗಂತ ಅಮೆರಿಕ ಸ್ವರ್ಗ ಅಂತಲ್ಲ. ಅಷ್ಟು ವರ್ಷದ ಮಾನ್ಯತೆ ಇದ್ದೂ, 2025ರ ಕೊನೆಗೆ ಅಲ್ಲಿನ ಶಿಕ್ಷಣ ಇಲಾಖೆ ವಿದ್ಯಾರ್ಥಿ ಸಾಲದ ಮಿತಿಗಾಗಿ ತಯಾರಿಸಿದ "ವೃತ್ತಿಪರ ಪದವಿ"ಗಳ ಕರಡು ಪಟ್ಟಿಯಲ್ಲಿ ಸಮಾಜಕಾರ್ಯಕ್ಕೆ ಜಾಗ ಸಿಗಲಿಲ್ಲ. ಪಟ್ಟಿಯಲ್ಲಿದ್ದರೆ ಒಟ್ಟು 2 ಲಕ್ಷ ಡಾಲರ್‌ವರೆಗೆ ಸಾಲ, ಇಲ್ಲದಿದ್ದರೆ 1 ಲಕ್ಷ. ಇನ್ನು 900 ಗಂಟೆ ಸಂಬಳವಿಲ್ಲದೆ ದುಡಿಯುವುದು ಬಡವರ ಮಕ್ಕಳಿಗೆ ಎಲ್ಲಿಯೂ ಸುಲಭವಲ್ಲ. ಆಸ್ಟ್ರೇಲಿಯಾದಲ್ಲಿ 1,000 ಗಂಟೆ. ಅಲ್ಲಿ ಬಾಡಿಗೆ ಕಟ್ಟಲಾಗದೆ ವಿದ್ಯಾರ್ಥಿಗಳು ಕೋರ್ಸು ಬಿಡುತ್ತಿದ್ದಾರೆ ಅಂತ ದೊಡ್ಡ ಗಲಾಟೆಯಾಗಿ, 2025ರ ಜುಲೈ 1ರಿಂದ ಶಿಕ್ಷಕರು, ನರ್ಸ್‌ಗಳ ಜೊತೆ ಸಮಾಜಕಾರ್ಯ ವಿದ್ಯಾರ್ಥಿಗಳಿಗೂ ಪ್ಲೇಸ್‌ಮೆಂಟ್ ವಾರಗಳಿಗೆ ಸರ್ಕಾರ ದುಡ್ಡು ಕೊಡಲು ಶುರು ಮಾಡಿತು. ನಮ್ಮಲ್ಲಿ ವಿದ್ಯಾರ್ಥಿಗಳು ಬಸ್ ಚಾರ್ಜನ್ನೂ ಕೈಯಿಂದ ಹಾಕಿಕೊಂಡು ಹೋಗುತ್ತಾರೆ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಾದರೂ ಫ್ರೀ, ಅದೊಂದು ಪುಣ್ಯ.

ಮತ್ತೆ ನಮ್ಮ ಕಥೆಗೆ ಬರೋಣ. ಭಾರತದಲ್ಲಿ ಸಮಾಜಕಾರ್ಯ ಶಿಕ್ಷಣ ಶುರುವಾಗಿದ್ದು 1936ರಲ್ಲಿ, ಮುಂಬೈನ ಈಗಿನ ಟಿಸ್‌ನಲ್ಲಿ (ಟಾಟಾ ಸಮಾಜ ವಿಜ್ಞಾನ ಸಂಸ್ಥೆ). ಮಂಗಳೂರಿನ ಸಮಾಜಕಾರ್ಯ ಕಾಲೇಜು ರೋಶನಿ ನಿಲಯ 1960ರದ್ದು. ಯುಜಿಸಿ ಈ ಶಿಕ್ಷಣದ ಬಗ್ಗೆ ಎರಡು ಪರಿಶೀಲನಾ ಸಮಿತಿ ಮಾಡಿತು, ವರದಿಗಳು 1965 ಮತ್ತು 1980ರಲ್ಲಿ ಬಂದವು. 1990ರ ದಶಕದಲ್ಲಿ ಸಮಾಜಕಾರ್ಯಕ್ಕೊಂದು ರಾಷ್ಟ್ರೀಯ ಮಂಡಳಿಗಾಗಿ ಮಸೂದೆಯ ಕರಡೂ ತಯಾರಾಯಿತು. 2001ರಲ್ಲಿ ಯುಜಿಸಿ ಮಾದರಿ ಪಠ್ಯಕ್ರಮ ಕೊಟ್ಟಿತು, ಆದರೆ ಮಾದರಿ ಅಂದರೆ ಮಾದರಿ ಅಷ್ಟೇ, ಪಾಲಿಸಲೇಬೇಕು ಅಂತೇನಿಲ್ಲ. ಮಂಡಳಿ ಮಾತ್ರ ಇವತ್ತಿಗೂ ಆಗಿಲ್ಲ.

ಯಾಕೆ ಆಗಲಿಲ್ಲ? ನನ್ನ ಅಭಿಪ್ರಾಯ ಹೇಳುತ್ತೇನೆ. ನಮ್ಮಲ್ಲಿ ಸಮಾಜಸೇವೆ ಅಂದರೆ ಯಾರು ಬೇಕಾದರೂ ಮಾಡುವ ಪುಣ್ಯದ ಕೆಲಸ. ಜನ್ಮದಿನಕ್ಕೆ ಹಣ್ಣು ಹಂಚಿದವರ ಫ್ಲೆಕ್ಸಿನಲ್ಲೂ "ಸಮಾಜಸೇವಕರು" ಅಂತ ಇರುತ್ತದೆ. ಅದಕ್ಕೆ ಪದವಿ, ಲೈಸೆನ್ಸ್ ಅಂದರೆ ಜನಕ್ಕೆ ಬಿಡಿ, ಕಾನೂನು ಬರೆಯುವವರಿಗೇ ವಿಚಿತ್ರ ಅನ್ನಿಸುತ್ತದೆ. 2015ರ ಬಾಲನ್ಯಾಯ ಕಾಯ್ದೆ ನೋಡಿ. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟ್ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂರಬೇಕು. ಅವರಿಗೆ ಏನು ಅರ್ಹತೆ? ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದ ಕೆಲಸದಲ್ಲಿ ಏಳು ವರ್ಷ ಇರಬೇಕು, ಇಲ್ಲವೇ ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನು ಪದವಿ ಇರುವ ವೃತ್ತಿಪರರಾಗಿರಬೇಕು. ಸಮಾಜಕಾರ್ಯಕರ್ತರ ಸೀಟಿಗೆ ಕೊಟ್ಟ ಪದವಿಗಳ ಪಟ್ಟಿಯಲ್ಲಿ ಸಮಾಜಕಾರ್ಯವೇ ಇಲ್ಲ! ಅದೇ ಕಾಯ್ದೆಯ ಮಕ್ಕಳ ಕಲ್ಯಾಣ ಸಮಿತಿಯ ಭಾಗದಲ್ಲಿ ಸಮಾಜಕಾರ್ಯ ಇದೆ, ಇನ್ನೂ ನಾಲ್ಕಾರು ವಿಷಯಗಳ ನಡುವೆ ಒಂದಾಗಿ. ಪದವಿಯ ಹಿಂದೆ ಒಂದು ಮಂಡಳಿ ನಿಂತಿದ್ದರೆ ಕರಡಿನ ಹಂತದಲ್ಲೇ ಯಾರಾದರೂ ಹೋಗಿ "ಸ್ವಾಮಿ, ಇದೇನು" ಅಂತ ಕೇಳುತ್ತಿದ್ದರು.

ಈಗ ಹೊಸ ತಿರುವು ಬಂದಿದೆ, ಅದೂ ಆರೋಗ್ಯ ಇಲಾಖೆಯ ಬಾಗಿಲಿನಿಂದ. 2021ರಲ್ಲಿ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಬಂತಲ್ಲ, ಅದರ ಪಟ್ಟಿಯಲ್ಲಿ ಫಿಸಿಯೋಥೆರಪಿ, ಲ್ಯಾಬ್ ಟೆಕ್ನಾಲಜಿ ಜೊತೆಗೆ ಕ್ಲಿನಿಕಲ್, ಸೈಕಿಯಾಟ್ರಿಕ್, ಮೆಡಿಕಲ್ ಸೋಶಿಯಲ್ ವರ್ಕರ್‌ಗಳೂ ಇದ್ದಾರೆ. ಪಟ್ಟಿಯಲ್ಲಿರುವ ವೃತ್ತಿಗಳಿಗೆ ಶಿಕ್ಷಣದ ಕನಿಷ್ಠ ಮಟ್ಟ ಏನು, ಯಾರು ನೋಂದಣಿ ಮಾಡಿಸಬೇಕು ಅಂತ ನಿಗದಿ ಮಾಡುವುದು ಈ ಆಯೋಗದ ಕೆಲಸ. ಅಂಗವಿಕಲರ ಪುನರ್ವಸತಿಯಲ್ಲಿ ಕೆಲಸ ಮಾಡುವವರನ್ನು ಭಾರತೀಯ ಪುನರ್ವಸತಿ ಮಂಡಳಿ (ಆರ್‌ಸಿಐ) ಮೊದಲಿಂದಲೂ ತನ್ನ ರಿಜಿಸ್ಟರ್‌ಗೆ ತೆಗೆದುಕೊಳ್ಳುತ್ತಿದೆ. ಮನೋವೈದ್ಯಕೀಯ ಸಮಾಜಕಾರ್ಯದ್ದು ಇನ್ನೊಂದು ಫಜೀತಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ ಅಂದರೆ ಎಂಎಸ್‌ಡಬ್ಲ್ಯೂ ಮೇಲೆ ಎರಡು ವರ್ಷದ ಎಂ.ಫಿಲ್ ಮಾಡಿದವರು ಅಂತ ಬರೆದಿದೆ. 2022ರಲ್ಲಿ ಯುಜಿಸಿ ಎಂ.ಫಿಲ್ ಪದವಿಯನ್ನೇ ನಿಲ್ಲಿಸಿತು. ನಿಮ್ಹಾನ್ಸ್‌ನಂಥ ಕಡೆ ಈ ಎಂ.ಫಿಲ್ ಅಂದರೆ ಬರೀ ಥೀಸಿಸ್ ಅಲ್ಲ, ವಾರ್ಡಿನಲ್ಲಿ ರೋಗಿಗಳ ಮತ್ತು ಅವರ ಮನೆಯವರ ಜೊತೆ ಮೇಲ್ವಿಚಾರಣೆಯಲ್ಲಿ ಕೆಲಸ ಕಲಿಯುವ ಎರಡು ವರ್ಷ. ಗಲಾಟೆಯಾದ ಮೇಲೆ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಶಿಯಲ್ ವರ್ಕ್‌ಗೆ ಮಾತ್ರ 2025-26ರವರೆಗೆ ಯುಜಿಸಿ ವಿನಾಯಿತಿ ಕೊಟ್ಟಿತು. ಒಂದು ಕೈ ಕೇಳುವ ಪದವಿಯನ್ನು ಇನ್ನೊಂದು ಕೈ ಮುಚ್ಚುತ್ತದೆ ಅಂದರೆ ಏನು ಹೇಳೋಣ.

ಇದರಿಂದ ಆಗುವುದೇನು? ಆಸ್ಪತ್ರೆಯೊಳಗಿನ ಸಮಾಜಕಾರ್ಯಕ್ಕೆ ಮಟ್ಟ, ನೋಂದಣಿ, ಬೋರ್ಡು ಎಲ್ಲ ಬರಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಗುತ್ತಿಗೆ ಮೇಲೆ ದುಡಿಯುವವರು, ಸ್ಲಮ್ಮಿನಲ್ಲಿ, ಹಾಡಿಗಳಲ್ಲಿ, ಪಂಚಾಯಿತಿ ಮಟ್ಟದಲ್ಲಿ ಕೆಲಸ ಮಾಡುವವರು ಅದೇ ಎಂಎಸ್‌ಡಬ್ಲ್ಯೂ ಹಿಡಿದುಕೊಂಡು ಹೊರಗೇ ಉಳಿಯುತ್ತಾರೆ. ವಿಭಾಗಗಳೂ ಸಹಜವಾಗಿ ಮಾನ್ಯತೆ ಸಿಗುವ ಕಡೆಗೇ ವಾಲುತ್ತವೆ. ಸಮುದಾಯ ಸಂಘಟನೆ ಪೇಪರ್‌ಗೆ ಮೇಷ್ಟ್ರು ಸಿಗುವುದಿಲ್ಲ, ಕೌನ್ಸೆಲಿಂಗ್‌ಗೆ ಸಿಗುತ್ತಾರೆ. ಎಚ್‌ಆರ್ ವಿಷಯದಲ್ಲಿ ಇದು ಈಗಾಗಲೇ ಒಮ್ಮೆ ಆಗಿದೆ: 500 ಕಾರ್ಮಿಕರಿರುವ ಕಾರ್ಖಾನೆಯಲ್ಲಿ ವೆಲ್‌ಫೇರ್ ಆಫೀಸರ್ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆ ಹೇಳಿದ್ದರಿಂದ ಕೆಲಸ ಅಲ್ಲಿತ್ತು, ಎಂಎಸ್‌ಡಬ್ಲ್ಯೂ ಹುಡುಗರು ಗುಂಪಾಗಿ ಅತ್ತ ಹೋದರು.

ಹಾಗಾದರೆ ಎಲ್ಲಕ್ಕೂ ಸೇರಿಸಿ ಒಂದು ರಾಷ್ಟ್ರೀಯ ಮಂಡಳಿ ಮಾಡಿಬಿಡಿ ಅಂತ ಸಂಘಟನೆಗಳು ಒತ್ತಾಯಿಸುತ್ತಲೇ ಬಂದಿವೆ. ನನಗೆ ಅರ್ಧ ಒಪ್ಪಿಗೆ. ಉಳಿದ ಅರ್ಧಕ್ಕೆ ಬಿ.ಎಡ್ ಕಥೆ ಅಡ್ಡ ಬರುತ್ತದೆ. ಎನ್‌ಸಿಟಿಇಗೆ ಕಾನೂನಿನ ಬಲ ಇದೆ, ಅನುಮತಿ ಕೊಡುವ ಕಿತ್ತುಕೊಳ್ಳುವ ಅಧಿಕಾರ ಇದೆ. ಆದರೂ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗದ 2012ರ ವರದಿಯನ್ನು ನೆನಪಿಸುತ್ತಾ ಹೊಸ ಶಿಕ್ಷಣ ನೀತಿಯೇ ಬರೆದುಕೊಂಡಿದೆ, ಬೇರೆ ಕೋರ್ಸುಗಳಿಲ್ಲದೆ ಒಂಟಿಯಾಗಿ ನಡೆಯುವ 10,000ಕ್ಕೂ ಹೆಚ್ಚು ಶಿಕ್ಷಕರ ತರಬೇತಿ ಸಂಸ್ಥೆಗಳಲ್ಲಿ ಬಹುತೇಕ ಸಂಸ್ಥೆಗಳು ದುಡ್ಡಿಗೆ ಪದವಿ ಮಾರುತ್ತಿವೆ ಅಂತ. ಮಂಡಳಿ ಇದ್ದೂ ಹೀಗೆ. ಎಷ್ಟು ಚದರ ಮೀಟರ್ ಕಟ್ಟಡ, ಲೈಬ್ರರಿಯಲ್ಲಿ ಎಷ್ಟು ಪುಸ್ತಕ ಅಂತ ಎಣಿಸುವ ಇನ್‌ಸ್ಪೆಕ್ಷನ್ ಬಂದರೆ ನಷ್ಟ ಹಳ್ಳಿ ಕಡೆಯ ಸಣ್ಣ ಕಾಲೇಜಿಗೆ, ಮೊದಲ ತಲೆಮಾರಿಗೆ ಎಂಎಸ್‌ಡಬ್ಲ್ಯೂ ಓದುತ್ತಿರುವ ಮಕ್ಕಳಿಗೆ. ದುಡ್ಡಿರುವ ಕ್ಯಾಂಪಸ್ಸಿಗೆ ಅದು ಒಂದು ದಿನದ ಊಟೋಪಚಾರ.

ಆದ್ದರಿಂದ ಮಾನದಂಡ ಕಡಿಮೆ ಇರಲಿ, ಆದರೆ ಫೀಲ್ಡ್‌ವರ್ಕ್ ಬಗ್ಗೆಯೇ ಇರಲಿ ಅನ್ನುವುದು ನನ್ನ ವಾದ. ಎಷ್ಟು ಗಂಟೆ, ಒಬ್ಬ ಅಧ್ಯಾಪಕರಿಗೆ ಎಷ್ಟು ವಿದ್ಯಾರ್ಥಿಗಳು, ಏಜೆನ್ಸಿಯಲ್ಲಿ ಕಲಿಸುವವರ ಓದು ಏನು, ಐಸಿ ವರ್ಕ್‌ಲೋಡಿನಲ್ಲಿ ಸೇರಿದೆಯಾ. ಇವನ್ನು ವಿಭಾಗ ಪ್ರತಿ ವರ್ಷ ವೆಬ್‌ಸೈಟಿನಲ್ಲಿ ಹಾಕಲಿ. ಇದಕ್ಕೆ ದೆಹಲಿಯ ಕಾನೂನು ಬೇಕಿಲ್ಲ. ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿ ಮನಸ್ಸು ಮಾಡಿದರೆ ಮುಂದಿನ ಜೂನ್‌ಗೆ ಜಾರಿ ಮಾಡಬಹುದು. ಎಲ್ಲ ವಿವಿಗಳಿಗೂ ಒಂದೇ ನಮೂನೆ ಇರಲಿ ಅಂದರೆ ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಇದೆ.

ಇದರ ಬೆಲೆ ಗೊತ್ತಾಗುವುದು ವಿದೇಶಕ್ಕೆ ಹೊರಟವರಿಗೆ. ಕರ್ನಾಟಕದಲ್ಲಿ ಎಂಎಸ್‌ಡಬ್ಲ್ಯೂ ಮಾಡಿ ಆಸ್ಟ್ರೇಲಿಯಾಗೋ ಇಂಗ್ಲೆಂಡಿಗೋ ಹೋಗಿ ಅದೇ ಕೆಲಸ ಮಾಡಬೇಕೆಂದರೆ ಅಲ್ಲಿನ ಸಂಸ್ಥೆ ನಿಮ್ಮ ಪದವಿಯನ್ನು ಬಿಡಿಸಿ ನೋಡುತ್ತದೆ. ಮಾರ್ಕ್ಸ್ ಕಾರ್ಡ್ ಸಾಕಾಗುವುದಿಲ್ಲ. ಫೀಲ್ಡ್‌ವರ್ಕ್ ಎಲ್ಲಿ ಮಾಡಿದಿರಿ, ಎಷ್ಟು ಗಂಟೆ, ಯಾರ ಮೇಲ್ವಿಚಾರಣೆಯಲ್ಲಿ ಅಂತ ವಿಶ್ವವಿದ್ಯಾಲಯದ ಪತ್ರ ಬೇಕು. ಏಳೆಂಟು ವರ್ಷದ ಹಿಂದಿನ ಫೀಲ್ಡ್‌ವರ್ಕ್ ಲೆಕ್ಕವನ್ನು ವಿಭಾಗದಲ್ಲಿ ಹುಡುಕಿಸಿ, ವರ್ಗವಾಗಿ ಹೋದ ಮೇಷ್ಟ್ರಿಗೆ ಫೋನ್ ಮಾಡಿ, ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಮಾಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಅಲ್ಲಿಯವರು ಕೇಳುವ ಮಾಹಿತಿಯಲ್ಲಿ ವಿಶೇಷವೇನೂ ಇಲ್ಲ. ನಮ್ಮಲ್ಲಿ ಯಾರೂ ಕೇಳದ ಕಾರಣ ಯಾರೂ ಇಟ್ಟುಕೊಂಡಿಲ್ಲ, ಅಷ್ಟೇ.

ಈ ವರ್ಷ ಅಡ್ಮಿಷನ್‌ಗೆ ಓಡಾಡುತ್ತಿರುವವರು ನ್ಯಾಕ್ ಗ್ರೇಡ್, ಹಾಸ್ಟೆಲ್, ಫೀಸು ಕೇಳಿದ ಮೇಲೆ ವಿಭಾಗದ ಮುಖ್ಯಸ್ಥರ ರೂಮಿಗೂ ಒಂದು ಸಲ ಹೋಗಿ ಬನ್ನಿ. ವಾರಕ್ಕೆ ಎಷ್ಟು ದಿನ ಫೀಲ್ಡ್‌ವರ್ಕ್, ಕಾಯಂ ಅಧ್ಯಾಪಕರು ಎಷ್ಟು ಜನ, ಐಸಿ ಯಾವ ದಿನ, ಟೈಮ್‌ಟೇಬಲ್‌ನಲ್ಲಿ ಅದಕ್ಕೆ ಪೀರಿಯಡ್ ಇದೆಯಾ ಅಂತ ಕೇಳಿ. ಸಾಧ್ಯವಾದರೆ ಟೈಮ್‌ಟೇಬಲ್ಲನ್ನೇ ತೋರಿಸಿ ಅನ್ನಿ. ಜೊತೆಗೆ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಹೊರಗೆ ಟೀ ಅಂಗಡಿ ಹತ್ತಿರ ಹಿಡಿದು, ಹೋದ ವಾರ ಸೂಪರ್‌ವೈಸರ್ ಜೊತೆ ಏನು ಮಾತಾಡಿದಿರಿ ಅಂತ ವಿಚಾರಿಸಿ.